ಒಂದೇ ಪುಟದ ಬೀಳ್ಕೊಡುಗೆ

ಎಲ್ಲಕ್ಕೂ ಕಾರಣ ಅಂಚಿಗೆ ಚಿನ್ನದ ಬಣ್ಣ ಬಳಿದಿದ್ದ ಒಂದು ಹಾಳೆ. ಅಂಗಡಿಯಲ್ಲಿ ಉಳಿದಿದ್ದದ್ದೂ ಅದೊಂದೇ. ಸಂಜೆ ಮ್ಯಾನೇಜರ್ ಸಾಹೇಬರು ನಿವೃತ್ತರಾದರೆ ಅವರ ಕುರ್ಚಿ ಹೆಡ್ ಗುಮಾಸ್ತರಿಗೆ. ಆ ಕುರ್ಚಿಗೆಂದು ಗುಮಾಸ್ತರ ಹೆಂಡತಿ ಆಗಲೇ ಮೆತ್ತೆ ಹೊಲಿದಿಟ್ಟಿದ್ದಳು. ಹಾಗಾಗಿ ಬೀಳ್ಕೊಡುಗೆ ಪತ್ರವನ್ನು ಗುಮಾಸ್ತರು ಕರುಳು ಹಿಂಡುವ ಹಾಗೆ ಬರೆದಿದ್ದರು.

"ಕೆಟ್ರೆ ಇನ್ನೊಂದು ಹಾಳೆ ಇಲ್ಲ ಕಣಮ್ಮಾ," ಎಂದರು ಟೈಪಿಸ್ಟಿಗೆ.

"ಹೆದರ್ಬೇಡಿ ಸಾರ್, ಮೊದ್ಲು ಪ್ರಿವ್ಯೂ ನೋಡೋಣ."

ಪರದೆಯ ಮೇಲೆ ಇನ್ನೂ ಹುಟ್ಟದ ಹಾಳೆ ಬೆಳ್ಳಗೆ ಅರಳಿತು, ಅಂಚು, ಸಾಲು, ಕೊನೆಯ ಚುಕ್ಕಿ ಸಮೇತ. ಮೊಮ್ಮಗುವಿನ ಮುಖ ಮೊದಲ ಸಲ ಕಂಡ ತಾತನಂತೆ ಗುಮಾಸ್ತರು ಕನ್ನಡಕ ಒರೆಸಿಕೊಂಡರು.

"ಒಂದು ತೊಟ್ಟು ಮಸಿ ಬಿದ್ದಿಲ್ಲ, ಇದಕ್ಕೆ ಹೇಗಮ್ಮಾ ಗೊತ್ತಾಯ್ತು?"

"ಪ್ರಿಂಟರಿಗೆ ಡ್ರೈವರ್ ಅಂತ ಒಂದಿರತ್ತೆ ಸಾರ್. ನಿನ್ನ ಹಾಳೆ ಎಷ್ಟಗಲ, ಅಂಚಲ್ಲಿ ಎಷ್ಟು ಜಾಗ ನಿನ್ ಕೈಗೆ ಎಟಕಲ್ಲ ಅಂತ ಕಂಪ್ಯೂಟರು ಅದನ್ನ ಕೇಳಿ, ಆ ಅಳತೆಗೇ ಇಲ್ಲಿ ಬರೆಯತ್ತೆ. ಕಾಗದಕ್ಕೆ ಹೋಗೋದೇ ಮೊದ್ಲು ಪರದೆಗೆ ಬರತ್ತೆ."

"ಅಬ್ಬಬ್ಬಾ! ನಾಳೆ ಆಗೋದನ್ನ ಇವತ್ತೇ ತೋರಿಸ್ತದಲ್ಲ!"

ಬಗ್ಗಿ ನೋಡಿದ ಕ್ಯಾಷಿಯರು ಬೋಳುತಲೆ ಸವರಿಕೊಂಡರು. "ನಮ್ಮ ಕ್ಷೌರದಂಗಡೀಲಿ ಇದಿರ್ಬೇಕಿತ್ತು ಕಣ್ರೀ."

ಟೈಪಿಸ್ಟು ಊಟಕ್ಕೆ ಎದ್ದಳು. ಕ್ಯಾಷಿಯರು ಬಿಡಲಿಲ್ಲ. "ಈ ಪ್ರಿಂಟರಿನ ಮಸಿ ಮಾಸಲು. ನನ್ನ ರೂಮಿನ ಹೊಸದಕ್ಕೆ ಕಳ್ಸಿ. ಕಪ್ಪು ಅಂದ್ರೆ ಕಾಡಿಗೆ!"

"ಪುಟ ಹೇಗೂ ಕಣ್ಣಾರೆ ನೋಡಿಯಾಯ್ತಲ್ಲ," ಎಂದು ಗುಮಾಸ್ತರು ಚಿನ್ನದಂಚಿನ ಹಾಳೆಯನ್ನು ಅದಕ್ಕೆ ಹಾಕಿಸಿ ಒತ್ತಿಯೇಬಿಟ್ಟರು.

ಹೊಸ ಪ್ರಿಂಟರಿನ ಡ್ರೈವರು ಅಂಚಿಗೆ ತುಸು ಹೆಚ್ಚು ಜಾಗ ಕೇಳುವಂಥದ್ದು. ಸಾಲುಗಳು ಒಂದನ್ನೊಂದು ನೂಕಿ, ಕೊನೆಯದು ಪುಟದಿಂದಲೇ ಆಚೆ ಬಿತ್ತು. ಹಾಳೆ ಮದುಮಗಳಂತೆ ಹೊರಬಂತು; ಹಿಂದೆಯೇ ಪ್ರಿಂಟರು ಕೆಂಪು ದೀಪ ಮಿಟುಕಿಸತೊಡಗಿತು.

"ಏನ್ರೀ ಇದು?"

"ಸುಸ್ತಾಗಿದೆ, ಉಸಿರು ತಗೊಳ್ಲಿ ಬಿಡಿ."

ಇಬ್ಬರೂ ಹಾಳೆಯನ್ನು ಹಾಗೆಯೇ ಚೌಕಟ್ಟಿಗೆ ಕೂರಿಸಿದರು.

ಸಭೆಯಲ್ಲಿ ಸಾಹೇಬರು ತಾವೇ ಅದನ್ನು ಓದಿದರು. ಕೊನೆಗೆ ಬಂದಾಗ ಒಂದೊಂದೇ ಪದ ಬಿಡಿಸಿ ಓದಿದರು: "ನೀವಿಲ್ಲದ ಈ ಕಚೇರಿ ನಮ್ಮ ಊಹೆಗೂ ನಿಲುಕದು. ದಯವಿಟ್ಟು ಹೋಗಬೇಡಿ..."

ಪುಟ ಮುಗಿದಿತ್ತು. ಸಾಹೇಬರು ಚೌಕಟ್ಟನ್ನು ಮೇಜಿನ ಮೇಲಿಟ್ಟರು.

"ಮಾಲೀಕರು ಇನ್ನೆರಡು ವರ್ಷ ಇರಿ ಅಂದಿದ್ರು. ಯಾರಿಗೂ ಬೇಡವಾಗಿದ್ದೀನಿ ಅನ್ಕೊಂಡು ಒಲ್ಲೆ ಅಂದಿದ್ದೆ," ಸಾಹೇಬರು ಗುಮಾಸ್ತರನ್ನು ಬಾಚಿ ತಬ್ಬಿಕೊಂಡರು. "ಇನ್ನು ಹೇಗ್ರೀ ಹೋಗ್ಲಿ? ಇರ್ತೀನಿ!"

ಚಪ್ಪಾಳೆಯ ನಡುವೆ ಟೈಪಿಸ್ಟು ಓಡಿಬಂದಳು. "ಸಾರ್, ಹೊಸ ಪ್ರಿಂಟರಿಗೆ ಕಾಗದ ಹಾಕಿದ ತಕ್ಷಣ ಇದು ಬಂತು. ನಿಮ್ದೇ ಅಲ್ವಾ?"

ಹಾಳೆಯಲ್ಲಿ ಒಂದೇ ಸಾಲಿತ್ತು: "ಎಂದು ಕೇಳುವಷ್ಟು ಸ್ವಾರ್ಥಿಗಳು ನಾವಲ್ಲ. ಸುಖವಾಗಿ ಹೋಗಿಬನ್ನಿ."

"ಏನದು?" ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಕೈ ಚಾಚಿದರು.

ಗುಮಾಸ್ತರು ಅದನ್ನು ನಾಲ್ಕಾಗಿ ಮಡಚಿದರು.

"ಏನಿಲ್ಲ ಸಾರ್. ಟೆಸ್ಟ್ ಪೇಜು."