ತೊಂಬತ್ತು ದಿನಕ್ಕೊಮ್ಮೆ ಹಾಜರಾಗುವ ಗಂಡ

ಬೇರೆ ಹೆಂಗಸರಿಗೆಲ್ಲ ಮದುವೆಯಾದರೆ ಗಂಡ ಸಿಗುತ್ತಾನೆ. ನನಗೆ ಸಿಕ್ಕಿದ್ದು ಒಂದು ಕಡತ. ತೊಂಬತ್ತು ದಿನಕ್ಕೊಮ್ಮೆ ಅದರ ಧೂಳು ಕೊಡವಿ ವಲಸೆ ಕಚೇರಿಗೆ ಹೊತ್ತುಕೊಂಡು ಹೋಗಿ, “ಇಗೋ ನೋಡಿ, ಇನ್ನೂ ಇಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ” ಎಂದು ತೋರಿಸಬೇಕು. ಅವರು ಪಾಸ್‌ಪೋರ್ಟಿಗೆ ಒಂದು ಚೀಟಿ ಸಿಕ್ಕಿಸಿ ಕೊಡುತ್ತಾರೆ. ಮತ್ತೆ ತೊಂಬತ್ತು ದಿನ ಸಂಸಾರ.

ಮೆಕಾಂಗ್ ನದಿ ದಂಡೆಯ ನಮ್ಮ ಊರಿನಲ್ಲಿ ಫರಂಗಿ ಎಂದರೆ ಸೀಬೆಹಣ್ಣೂ ಹೌದು, ಬಿಳಿಯ ಮನುಷ್ಯನೂ ಹೌದು. (ಸೀಬೆಹಣ್ಣಿಗೆ ವೀಸಾ ಬೇಡ, ಅಷ್ಟೇ ವ್ಯತ್ಯಾಸ.) ನನ್ನ ಫರಂಗಿಯ ಹೆಸರು ಆರ್ವಿಡ್. ನಾರ್ವೆಯವರು. ಅಲ್ಲಿ ಮೂವತ್ತೈದು ವರ್ಷ ದೊಡ್ಡ ದೋಣಿ ನಡೆಸಿ, ನಿವೃತ್ತಿಯಾಗಿ, ಬಿಸಿಲು ಬೇಕೆಂದು ಇಲ್ಲಿಗೆ ಬಂದರು. ಬಿಸಿಲಿನ ಜೊತೆ ನಾನೂ ಸಿಕ್ಕಿದೆ. ಮನುಷ್ಯ ಚಿನ್ನ. ಆದರೆ ಮಾತು ಬಲು ನಿಧಾನ. ನಮ್ಮ ಭಾಷೆಯಲ್ಲಿ ಅವರು ಒಂದು ವಾಕ್ಯ ಶುರುಮಾಡಿದರೆ, ಅದು ಮುಗಿಯುವಷ್ಟರಲ್ಲಿ ನಾನು ಒಂದು ಬುಟ್ಟಿ ಮೆಣಸಿನಕಾಯಿಯ ತೊಟ್ಟು ಬಿಡಿಸಿರುತ್ತೇನೆ. ಹಾಗಾಗಿ ಬಹಳ ವರ್ಷಗಳಿಂದ ಅವರ ವಾಕ್ಯಗಳನ್ನು ನಾನೇ ಮುಗಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ.

ಇನ್ನು ನನ್ನ ಬಗ್ಗೆ. ಫರಂಗಿ ಗಂಡಂದಿರಿರುವ ಊರಿನ ಹೆಂಗಸರಿಗೆಲ್ಲ ನಾನು ಅವೈತನಿಕ ಕಾನೂನು ಸಲಹೆಗಾರ್ತಿ. ಹಾಜರಿ ಯಾವಾಗ ಹಾಕಿಸಬೇಕು? ಗಡುವಿಗೆ ಹದಿನೈದು ದಿನ ಮುಂಚಿನಿಂದ ಏಳು ದಿನ ಆಮೇಲಿನವರೆಗೆ. ತಪ್ಪಿದರೆ? ದಂಡ, ಕಡತದಲ್ಲಿ ಕಪ್ಪು ಚುಕ್ಕೆ, ವರ್ಷದ ವೀಸಾ ಕೇಳಲು ಹೋದಾಗ ಕೊಂಕು ನೋಟ. ಇದನ್ನೆಲ್ಲ ನಾನು ತರಕಾರಿ ಸಂತೆಯಲ್ಲಿ ನಿಂತು ಉಪನ್ಯಾಸದಂತೆ ಒಪ್ಪಿಸುತ್ತಿದ್ದೆ.

ಈ ಚಳಿಗಾಲದಲ್ಲಿ ನಾವು ಬಾಡಿಗೆ ಮನೆ ಬಿಟ್ಟು, ಪಕ್ಕದ ಹಳ್ಳಿಯಲ್ಲಿ ನಾನು ಕಟ್ಟಿಸಿದ ಸ್ವಂತ ಮನೆಗೆ ಬಂದೆವು. ಒಂಬತ್ತು ಭಿಕ್ಷುಗಳನ್ನು ಕರೆಸಿ ಮಂತ್ರ ಹೇಳಿಸಿ, ನೂರಿಪ್ಪತ್ತು ಜನಕ್ಕೆ ಅಂಟಕ್ಕಿಯ ಅನ್ನ, ಸುಟ್ಟ ಮೀನು ಬಡಿಸಿದೆ. ಬಾರದವರಿಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ನನ್ನ ಮನೆಯ ಸುದ್ದಿ ತಿಳಿಯದ ಪ್ರಾಣಿ ಇಡೀ ಜಿಲ್ಲೆಯಲ್ಲಿ ಇರಲಿಲ್ಲ ಎಂದೇ ನನ್ನ ನಂಬಿಕೆ.

ಅಷ್ಟರಲ್ಲಿ ಆರ್ವಿಡ್‌ರ ಗಡುವು ಬಂತು. ಅವರು ಹತ್ತು ದಿನ ಮುಂಚೆಯೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಕಳಿಸಿದರು. ಮಾರನೆಯ ದಿನ ಉತ್ತರ: ತಿರಸ್ಕರಿಸಲಾಗಿದೆ. ಕಾರಣವಿಲ್ಲ, ವಿವರಣೆಯಿಲ್ಲ.

“ಏನೋ ತಪ್ಪು ಒತ್ತಿದ್ದೀರ. ಇನ್ನೊಂದ್ಸಲ ಒತ್ತಿ,” ಅಂದೆ.

ಒತ್ತಿದರು. ತಿರಸ್ಕಾರ. ಮೂರನೆಯ ಸಲವೂ ಅಷ್ಟೇ. ಮದುವೆಯ ಮಾರುಕಟ್ಟೆಯಲ್ಲೂ ಯಾರನ್ನೂ ಇಷ್ಟು ಸಲ ತಿರಸ್ಕರಿಸುವುದಿಲ್ಲ.

“ಲಮ್ಯೈ,” ಎಂದು ನನ್ನ ಹೆಸರು ಕರೆದರು ಆರ್ವಿಡ್, ಬಹಳ ಯೋಚಿಸಿ. “ನನಗೆ… ಮನೆ… ಪುಸ್ತಕ…”

ಮನೆ ಪುಸ್ತಕ ಎಂದರೆ ನಮ್ಮಲ್ಲಿ ಮನೆಯ ನೋಂದಣಿಯ ನೀಲಿ ಪುಸ್ತಕ. ಬೀರುವಿನಲ್ಲಿ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನನಗೆ ಚುರುಕ್ ಎಂದಿತು.

“ಯಾಕೆ? ಏನ್ಮಾಡ್ತೀರ ಅದನ್ನ? ನಿಮ್ಮ ಹೆಸರಿಗೆ ಬರೆಸ್ಕೊಳ್ಳೋಕಾ?”

“ಇಲ್ಲ. ಕಚೇರಿ… ನೀನು… ತಿಳಿಸ…”

“ಕಚೇರಿಗೆ ನಾನ್ಯಾಕ್ರೀ ತಿಳಿಸ್ಲಿ? ವೀಸಾ ನಿಮ್ಮದು, ಪಾಸ್‌ಪೋರ್ಟ್ ನಿಮ್ಮದು, ತಪ್ಪೂ ನಿಮ್ಮದು. ನಾನು ಈ ಮಣ್ಣಲ್ಲಿ ಹುಟ್ಟಿದೋಳು!”

ಅವರು ಬಾಯಿ ತೆರೆದರು. ವಾಕ್ಯವನ್ನು ನಾನು ಮುಗಿಸಿಯಾಗಿತ್ತು. ಬಾಯಿ ಮುಚ್ಚಿದರು.

ಹೀಗೆ ಮುಂಚಿನ ಹದಿನೈದು ದಿನ ಕಳೆಯಿತು. ಆಮೇಲಿನ ಏಳರಲ್ಲೂ ಆರು ಕಳೆಯಿತು. ಏಳನೆಯ ದಿನ ಬೆಳಿಗ್ಗೆ ಅವರನ್ನು ಪಿಕಪ್ ಗಾಡಿಗೆ ಹತ್ತಿಸಿ, ನಾನೇ ಓಡಿಸಿಕೊಂಡು, ಇಪ್ಪತ್ತು ಕಿಲೋಮೀಟರಿನಾಚೆ ಇರುವ ಕಚೇರಿಗೆ ಹೊರಟೆ. ಮಗನ ಪ್ರೋಗ್ರೆಸ್ ಕಾರ್ಡಿಗಾಗಿ ಶಾಲೆಗೆ ಹೋಗುವ ತಾಯಿಯ ಮುಖ ನನ್ನದು.

ಕಚೇರಿ ತುಂಬ ಫರಂಗಿಗಳು. ಅವರ ಪಕ್ಕದಲ್ಲಿ ಅವರವರ ಹೆಂಡತಿಯರು. ನನ್ನ ಶಿಷ್ಯೆ ತೊಂಗ್‌ಬೈ ತನ್ನ ಸ್ವಿಸ್ ಗಂಡನೊಂದಿಗೆ ಕೂತಿದ್ದಳು.

“ಅಕ್ಕಾ! ನೀವೂ ಕೊನೇ ದಿನ ಬಂದ್ರಾ?”

ಆ ‘ನೀವೂ’ ನನ್ನ ಎದೆಗೆ ನಾಟಿತು. “ನನ್ನಿಂದಲ್ಲಮ್ಮ, ಇವರಿಂದ,” ಎಂದು ಸಭೆಗೆಲ್ಲ ಕೇಳುವಂತೆ ಹೇಳಿದೆ. “ಮೂರು ಸಲ ಅರ್ಜಿ ಕೆಡಿಸಿದ್ದಾರೆ. ಅಷ್ಟು ದೊಡ್ಡ ದೋಣೀನ ಅದು ಹೇಗೆ ದಡ ಮುಟ್ಟಿಸ್ತಿದ್ರೋ!”

ಆರ್ವಿಡ್ ಗೋಡೆಯ ಮೇಲಿನ ಗಡಿಯಾರ ನೋಡಿದರು.

ನಮ್ಮ ಸಂಖ್ಯೆ ಕೂಗಿದರು. ಕಿಟಕಿಯಲ್ಲಿ ನಮ್‌ಫೊನ್ ಎಂಬ ಯುವ ಅಧಿಕಾರಿಣಿ, ಇಸ್ತ್ರಿ ಮಾಡಿದ ಸಮವಸ್ತ್ರ, ಇಸ್ತ್ರಿ ಮಾಡಿದ ಧ್ವನಿ.

“ಬನ್ನಿ ದೊಡ್ಡಮ್ಮ,” ಅಂದಳು. (ನನಗೆ ಐವತ್ತನಾಲ್ಕು. ತಲೆಗೆ ಕಪ್ಪು ಬಣ್ಣ ಹಚ್ಚಿ ಎರಡೇ ದಿನವಾಗಿತ್ತು.)

ಪರದೆ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ಮತ್ತೆ ಪರದೆ ನೋಡಿದಳು. “ಸಾರ್ ಅರ್ಜಿ ಸರಿಯಾಗೇ ಇದೆ. ಮೂರು ಸಲವೂ ಸರಿಯಾಗೇ ತುಂಬಿದ್ದಾರೆ. ಮನೆ ಯಜಮಾನರು ಯಾರು?”

ನಾನು ನಾಚಿಕೊಂಡು ಆರ್ವಿಡ್‌ರ ಕಡೆ ಕೈ ತೋರಿಸಿದೆ. “ಇವರೇ ನಮ್ಮ ಯಜಮಾನರು.”

“ಆ ಯಜಮಾನರಲ್ಲ ದೊಡ್ಡಮ್ಮ. ಈ ಹೊಸ ಮನೆ ಯಾರ ಹೆಸರಲ್ಲಿದೆ?”

“ನನ್ನ ಹೆಸರಲ್ಲೇ!” ಅಂದೆ, ಎದೆಯುಬ್ಬಿಸಿ.

“ಹಾಗಿದ್ರೆ ತಪ್ಪು ನಿಮ್ಮದೇ. ಮನೇಲಿ ವಿದೇಶಿ ಬಂದು ಉಳ್ಕೊಂಡ್ರೆ ಮನೆಯವರು ಇಪ್ಪತ್ನಾಲ್ಕು ಗಂಟೆಯೊಳಗೆ ನಮಗೆ ತಿಳಿಸ್ಬೇಕು. ಬಾಡಿಗೆ ಮನೇಲಿ ಅದರ ಮಾಲೀಕರು ತಿಳಿಸಿದ್ರು, ಇಲ್ಲಿ ನೀವು ತಿಳಿಸಿಲ್ಲ. ವಿಳಾಸ ಹೊಂದಲ್ಲ, ಅದಕ್ಕೇ ಇವರ ಅರ್ಜಿ ವಾಪಸ್ ಬಂದಿದೆ.”

“ವಿದೇಶಿ ಎಲ್ಲಮ್ಮಾ? ಇವರು ನನ್ನ ಗಂಡ!”

“ಗಂಡನೇ. ಆದ್ರೂ ವಿದೇಶಿ.”

“ಊರಿಗೆಲ್ಲಾ ಹೇಳಿದ್ದೆ ಕಣಮ್ಮಾ!”

“ಗೊತ್ತು. ನಮ್ಮಮ್ಮ ಊಟಕ್ಕೆ ಬಂದಿದ್ರು. ಮೀನು ತುಂಬಾ ಚೆನ್ನಾಗಿತ್ತಂತೆ,” ಅಂದಳು ಆ ಹುಡುಗಿ ವಿನಯದಿಂದ. “ಕಚೇರಿಗೆ ಮಾತ್ರ ಹೇಳಿಲ್ಲ. ಮನೆ ಪುಸ್ತಕ ತಂದಿದ್ದೀರಾ?”

ಹಿಂದೆ ತೊಂಗ್‌ಬೈ ಕೆಮ್ಮಿದಳು. ಅವಳಿಗೆ ಶೀತವಿರಲಿಲ್ಲ.

ಪುಸ್ತಕ ಬೀರುವಿನಲ್ಲಿತ್ತು. ಬೀಗದ ಕೈ ಸೊಂಟದಲ್ಲಿತ್ತು. ಬೇರೆ ಯಾರನ್ನೂ ಕಳಿಸುವಂತಿರಲಿಲ್ಲ. ಕಚೇರಿ ಮುಚ್ಚುವುದರೊಳಗೆ ಬಾರದಿದ್ದರೆ, ಹನ್ನೊಂದು ವರ್ಷ ಒಂದು ದಿನವೂ ತಪ್ಪದ ಆರ್ವಿಡ್‌ರ ಹೆಸರಿಗೆ ಕಪ್ಪು ಚುಕ್ಕೆ, ಅದೂ ನನ್ನ ಕೈಯಿಂದ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಗಾಡಿ ಓಡಿಸುತ್ತ, ಅವರು ಎಷ್ಟು ಸಲ ‘ಮನೆ… ಪುಸ್ತಕ…’ ಎಂದಿದ್ದರು ಎಂದು ಲೆಕ್ಕ ಹಾಕಿದೆ. ನಾಲ್ಕರವರೆಗೆ ಎಣಿಸಿ ಬಿಟ್ಟುಬಿಟ್ಟೆ, ಕಣ್ಣು ಮಂಜಾಗುತ್ತಿತ್ತು. ದಾರಿಯಲ್ಲಿ ಎಮ್ಮೆಗಳ ಹಿಂಡೊಂದು ಅಡ್ಡ ನಿಂತಿತು. ಅವಕ್ಕೂ ನನ್ನಷ್ಟೇ ಹಠ.

ಮೂರೂವರೆಗೆ ಬೆವರಿನಲ್ಲಿ ತೊಯ್ದು ಬಂದು ನೋಡುತ್ತೇನೆ: ಆರ್ವಿಡ್ ತಂಪು ಗಾಳಿಯಲ್ಲಿ ಐಸ್ ಕಾಫಿ ಹೀರುತ್ತ, ತೊಂಗ್‌ಬೈಗೂ ಇನ್ನಿಬ್ಬರು ಹೆಂಗಸರಿಗೂ ನಿಧಾನವಾಗಿ ನಿಯಮ ವಿವರಿಸುತ್ತಿದ್ದಾರೆ. ಆ ಹೆಂಗಸರು ಪ್ರತಿ ವಾಕ್ಯದ ಕೊನೆಯವರೆಗೂ ಕಾದು ಕೇಳುತ್ತಿದ್ದಾರೆ!

ನಮ್‌ಫೊನ್ ನನ್ನ ಪುಸ್ತಕ ನೋಡಿ, ದಂಡದ ರಸೀತಿ ಹರಿದು, ಒಂದು ಹೇಳಿಕೆ ಬರೆದು, ಎಲ್ಲರಿಗೂ ಕೇಳುವಂತೆ ಓದಿದಳು: “ಲಮ್ಯೈ ಎಂಬ ನಾನು, ನನ್ನ ಮನೆಯಲ್ಲಿ ಒಬ್ಬ ವಿದೇಶಿ ಗಂಡಸನ್ನು ನಲವತ್ತೆಂಟು ದಿನಗಳಿಂದ ಸರಕಾರಕ್ಕೆ ತಿಳಿಸದೆ ಇಟ್ಟುಕೊಂಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.”

ಇಡೀ ಕೋಣೆ ನಕ್ಕಿತು. ಫರಂಗಿಗಳು ಅರ್ಥವಾಗದೆ ನಕ್ಕರು. ನಾನು ತಲೆ ತಗ್ಗಿಸಿ ರುಜು ಹಾಕಿದೆ. ಆರ್ವಿಡ್‌ರ ಪಾಸ್‌ಪೋರ್ಟಿಗೆ ಹೊಸ ಚೀಟಿ ಬಿತ್ತು, ಚುಕ್ಕೆಯಿಲ್ಲದೆ.

“ಇನ್ನು ಮೇಲೆ ದೊಡ್ಡಮ್ಮ ಹೀಗೆ ಮಾಡಲ್ಲ ಅಂತ ಯಾರಾದ್ರೂ ಸಾಕ್ಷಿ ರುಜು ಹಾಕ್ಬೇಕು,” ಅಂದಳು ಹುಡುಗಿ.

ತೊಂಗ್‌ಬೈಯ ಕಡೆ ನೋಡಿದೆ. ಅವಳು ಚಾವಣಿ ನೋಡುತ್ತಿದ್ದಳು. ಆಗ ಆರ್ವಿಡ್ ಪೆನ್ನು ತೆಗೆದುಕೊಂಡರು. ನನ್ನನ್ನು ನೋಡಿದರು. ಬಹಳ ಹೊತ್ತು ಯೋಚಿಸಿದರು. ಜೀವಮಾನದಲ್ಲಿ ಮೊದಲ ಸಲ ನಾನು ಅವರ ವಾಕ್ಯವನ್ನು ಮುಗಿಸಲಿಲ್ಲ.

“ಹೆಂಗಸು… ಒಳ್ಳೆಯವಳು,” ಅಂದರು ಕಿಟಕಿಗೆ ಬಗ್ಗಿ. “ನನಗೆ ಗೊತ್ತು. ಕಿವಿ… ಸ್ವಲ್ಪ ಕಡಿಮೆ. ನಾನು ನೋಡ್ಕೊಳ್ತೀನಿ.”

ರುಜು ಹಾಕಿದರು. ಹುಟ್ಟಿ ಬೆಳೆದ ನಾಡಿನಲ್ಲಿ, ನನ್ನೂರಿನವರೆಲ್ಲ ಕಣ್ಣು ಬಿಟ್ಟು ನೋಡುತ್ತಿರಲು, ನನಗೆ ಜಾಮೀನು ನಿಂತವರು ಒಬ್ಬ ಪರದೇಶಿ.