ಮೋರಿ ಕೇಳಿದ ಶಾರದಮ್ಮ

ಕೆಲಸ ಬಿಡುತ್ತೇನೆಂದು ಬಂದವರನ್ನು ಕಾಫಿ ಕುಡಿಸಿ ಉಳಿಸಿಕೊಳ್ಳುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ಬಹುಕಾಲ ನಂಬಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನರಾಯಪಟ್ಟಣದ ಹೊರಗಿನ ಒಂದು ಕೊಬ್ಬರಿ ಪುಡಿ ಕಾರ್ಖಾನೆಯ ಮ್ಯಾನೇಜರು. ಕೆಲವರಿಗೆ ಸಂಬಳದ ಆಸೆ, ಕೆಲವರಿಗೆ ಇನ್ನೂ ಕಟ್ಟದ ಕ್ವಾರ್ಟರ್ಸಿನ ಆಸೆ ತೋರಿಸಿ ಕೂರಿಸಿದ್ದೆ. ನಮ್ಮ ಮನೆಯ ಕೆಲಸದವರು ಮಾತ್ರ ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೂ ನಿಲ್ಲುತ್ತಿರಲಿಲ್ಲ. ಅದು ನನ್ನ ಹೆಂಡತಿಯ ಇಲಾಖೆ ಎಂದು ಸುಮ್ಮನಿದ್ದೆ.

ಪುಡಿಯ ಗುಣಮಟ್ಟ ನೋಡುತ್ತಿದ್ದ ಶಾರದಮ್ಮ ಹೊಳೆನರಸೀಪುರದ ಅರ್ಚಕರ ಮಗಳು. ಮಾತು ಮೆದು, ಹಠ ಗಟ್ಟಿ. ಒಂದು ಬೆಳಿಗ್ಗೆ ಬಂದು, "ಸಾರ್, ಈ ತಿಂಗಳಿಗೆ ಕೆಲಸ ಬಿಡ್ತೀನಿ" ಎಂದರು. ಕಾಫಿ ತರಿಸಿದೆ. ಸಂಬಳ ಏರಿಸೋಣ ಎಂದೆ. ಟೇಬಲ್ಲಿಗೊಂದು ಹೊಸ ಫ್ಯಾನು ಎಂದೆ.

"ಅದೆಲ್ಲ ಬೇಡ ಸಾರ್. ಕಾಯಿ ಒಡೆದ ನೀರು, ತೊಳೆದ ನೀರು ಎಲ್ಲಾನೂ ಹಿಂದಿನ ಕೆರೆಗೆ ಬಿಡ್ತೀವಿ. ದನ ಮೂತಿ ಇಟ್ಟು ವಾಪಸ್ ಹೋಗ್ತವೆ. ಇಲ್ಲಿ ಕೂತು ಪುಡಿ ಶುದ್ಧವಾಗಿದೆ ಅಂತ ಸೈನ್ ಹಾಕೋಕೆ ನಂಗೆ ಕೈ ಬರ್ತಿಲ್ಲ."

ನನ್ನ ಕಾಫಿ ಮೊದಲ ಸಲ ಸೋತಿತು. ಯಜಮಾನರಾದ ಗೌಡರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ರೂ ಸಂಬ್ಳ ಕೇಳ್ತಾರೆ, ಈಯಮ್ಮ ಮೋರಿ ಕೇಳ್ತದಲ್ರೀ!" ನಗುತ್ತಲೇ ಕೆರೆಯ ಕಡೆ ಹೋದವರು ಮೂಗಿಗೆ ಟವೆಲು ಹಿಡಿದು ಹಿಂತಿರುಗಿದರು. "ನಮ್ಮಪ್ಪ ನಂಗೆ ಈಜು ಕಲ್ಸಿದ್ದು ಇದ್ರಲ್ಲೇ ಕಣ್ರೀ. ಆಯಮ್ಮಂಗೆ ಓಗ್ಬೇಡಿ ಅನ್ನಿ. ನಾಳೆನೇ ಗುಂಡಿ ತೋಡ್ಸಾನ."

ತೋಡಿಸಿಯೂ ಬಿಟ್ಟರು. ಗಲೀಜೆಲ್ಲ ಗುಂಡಿಗಳ ತಳಕ್ಕಿಳಿದು, ತಿಳಿಯಾದ ನೀರು ಗೌಡರ ತೆಂಗಿನ ತೋಟಕ್ಕೆ ಹರಿಯಿತು. ಸೀರೆ ನೆರಿಗೆ ಎತ್ತಿ ಕಟ್ಟಿ ಕೆಸರಿಗಿಳಿದು ನಿಂತು ಕೆಲಸ ಮಾಡಿಸಿದ ಶಾರದಮ್ಮನನ್ನು ಕಂಡು ನನಗೆ ಗೌರವದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಹಾಸನದ ದೊಡ್ಡ ಕಾರ್ಖಾನೆಯೊಂದು ಕರೆದರೂ ಅವರು ಹೋಗಲಿಲ್ಲ. ಮುಂದಿನ ಬೇಸಿಗೆಗೆ ಕೆಲಸಗಾರರು ಊಟದ ಡಬ್ಬಿ ಹಿಡಿದು ಕೆರೆ ಏರಿಗೆ ಹೋಗತೊಡಗಿದರು. ಬಿಡುತ್ತೇನೆಂದು ಬರುವವರೇ ಕಡಿಮೆಯಾಗಿ ನನ್ನ ಕಲೆಗೆ ತುಕ್ಕು ಹಿಡಿಯಿತು.

ಕೆಲವು ವರ್ಷಗಳ ನಂತರ ಅದೇ ಹಾಸನದವರು ನನ್ನನ್ನೂ ಕರೆದರು. ಹೋದೆ. ಅವರು ಕುರ್ಚಿ ತೋರಿಸಿದರೆ ನಾನು, "ನೀರು ಎಲ್ಲಿಗೆ ಬಿಡ್ತೀರಿ?" ಎಂದೆ. ಹಿತ್ತಲಿಗೆ ಕರೆದೊಯ್ದರು, ನೋಡಿದೆ, ಕೈಮುಗಿದು ಬಸ್ಸು ಹತ್ತಿದೆ. ಮನೆಯಲ್ಲಿ ಹೆಂಡತಿ, "ಸಂಬಳ ಎಷ್ಟಂತೆ?" ಎಂದಳು. ಕೇಳುವುದೇ ಮರೆತಿತ್ತು. ಮೋರಿಯ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅದಕ್ಕೆ ಹಾಸನದವರೆಗೆ ಯಾಕೆ ಹೋದ್ರಿ? ನಮ್ಮ ಬಚ್ಚಲು ಕಟ್ಕೊಂಡು ವಾರ ಆಯ್ತು" ಎಂದಳು.