ಬರಿದೆ ಕೊಡದ ಡಬ್ಬಿ

ಯಾರು ಏನು ಹೇಳಿದರೂ "ಬೈಬಲ್ಲಿನಲ್ಲಿ ಎಲ್ಲಿದೆ?" ಎಂದು ಕೇಳುವುದು ನನ್ನ ಹಳೆಯ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಇದು. ದಾವಣಗೆರೆಯ ನಮ್ಮ ಪ್ರಾಟೆಸ್ಟೆಂಟ್ ಮನೆಯಲ್ಲಿ ಗ್ರಂಥದಲ್ಲಿ ಬರೆದದ್ದಷ್ಟೇ ಪ್ರಮಾಣ. ಹೆಂಡತಿಯ ತವರು ಹರಿಹರದ ಕ್ಯಾಥೊಲಿಕ್ ಮನೆ, ಅಲ್ಲಿ ಹಿರಿಯರು ನಡೆಸಿಕೊಂಡು ಬಂದದ್ದೂ ಪ್ರಮಾಣ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅದು, ಮದುವೆಯಾಗಿ ಹದಿನಾರು ವರ್ಷವಾದರೂ ಅವರ ನಂಬಿಕೆಯನ್ನು ಮಾತ್ರ ನಾನಿನ್ನೂ ಹೋಗಿ ಮುಟ್ಟಿಲ್ಲ. ಅವರ ಬೈಬಲ್ಲಿನಲ್ಲಿ ನಮ್ಮದಕ್ಕಿಂತ ಏಳು ಪುಸ್ತಕ ಹೆಚ್ಚಿವೆ ಬೇರೆ. ವಾದ ಆ ಕಡೆ ಹೊರಳದಂತೆ ನಾನು ಸದಾ ಎಚ್ಚರದಿಂದಿರುತ್ತೇನೆ.

ಹೋದ ವರ್ಷ ನಮ್ಮವ್ವ ತೀರಿಕೊಂಡಳು. ಈ ನವೆಂಬರ್ ಎರಡರಂದು, ಕ್ಯಾಥೊಲಿಕ್ಕರಲ್ಲಿ ಸತ್ತವರನ್ನು ನೆನೆಯುವ ದಿನ, ಅತ್ತೆ ಬೆಳಿಗ್ಗೆಯೇ ಹರಿಹರದಿಂದ ಬಂದರು. ಚೀಲದಲ್ಲಿ ಚೆಂಡುಹೂವು, ಎರಡು ಮೇಣದ ಬತ್ತಿ.

"ಅಳಿಯಂದ್ರೆ, ಬೀಗತಿ ಸಮಾಧಿಗೆ ಬತ್ತಿ ಹಚ್ಚಿ ಬರಾಣ."

"ಬೈಬಲ್ನಾಗ ಎಲ್ಲೈತ್ರಿ ಅತ್ತೆ? ನಮ್ಮವ್ವ ಯಾವತ್ತೂ ಯಾರ ಸಮಾಧಿಗೂ ಬತ್ತಿ ಹಚ್ಚಿದಾಕಿ ಅಲ್ಲ" ಎಂದೆ. ಅತ್ತೆ ಹೂವಿಗೆ ನೀರು ಚಿಮುಕಿಸಿ ಮೂಲೆಯಲ್ಲಿಟ್ಟರು. ಗೆದ್ದ ನಾನು ತಿಂಡಿಯ ತಟ್ಟೆಯನ್ನು ಅರ್ಧಕ್ಕೇ ಬದಿಗಿಟ್ಟೆ.

ಅಷ್ಟರಲ್ಲಿ ನನ್ನ ಮಗಳು, ಎದುರುಮನೆಯ ಸಾಬಿರಾ ಆಪಾ ಶಾವಿಗೆ ಪಾಯಸ ಕಳಿಸಿದ್ದ ಡಬ್ಬಿಯನ್ನು ತೊಳೆದು ವಾಪಸು ಕೊಡಲು ಹೊರಟಳು. ನಾನು ತಡೆದೆ. "ಬರಿದೆ ಕೊಡಬ್ಯಾಡ, ಒಂದು ಚೂರು ಬೆಲ್ಲನಾದ್ರೂ ಹಾಕು. ವಾಕ್ಯ ಐತೆ." ನಮ್ಮವ್ವ ಜೀವಮಾನವಿಡೀ ಹೇಳಿದ ಮಾತು ಇದು. ಒಬ್ಬರ ಪಾತ್ರೆಯನ್ನೂ ಅವಳು ಖಾಲಿ ಹಿಂದಿರುಗಿಸಿದ್ದಿಲ್ಲ.

"ಎಲ್ಲೈತ್ರಿ?" ಎಂದರು ಅತ್ತೆ. ಕೊಂಕಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು.

ಜ್ಞಾನೋಕ್ತಿಗಳಲ್ಲಿ ಎಂದು ಜಂಬದಿಂದ ಅವ್ವನ ಬೈಬಲ್ ತೆರೆದೆ. ಇರಲಿಲ್ಲ. ಯಾಜಕಕಾಂಡಕ್ಕೆ ಹೋದೆ, ಪೌಲನ ಪತ್ರಗಳನ್ನೆಲ್ಲ ಜಾಲಾಡಿದೆ. ಮಧ್ಯಾಹ್ನದ ಊಟ ಆರಿತು. ಕೊನೆಗೆ ಪಾಸ್ಟರ್‌ಗೆ ಫೋನ್ ಮಾಡಿದರೆ ಅವರು ನಕ್ಕುಬಿಟ್ಟರು. "ಅದು ನಿಮ್ಮವ್ವನ ವಾಕ್ಯ ಕಣ್ರಿ. ನನಗೂ ಹೇಳ್ತಿದ್ರು."

ನಲವತ್ತು ವರ್ಷ ನಾನು ಅವ್ವನನ್ನೇ ಜ್ಞಾನೋಕ್ತಿಗಳನ್ನು ಬರೆದ ಸೊಲೊಮೋನನೆಂದು ನಂಬಿದ್ದೆ. ನಗಬೇಕೆಂದುಕೊಂಡೆ, ಅಳು ಬಂತು. ಅವಳು ಹೋದ ಮೇಲೆ ಅಷ್ಟು ಹೊತ್ತು ನಾನು ಅವಳನ್ನು ಹುಡುಕಿದ್ದು ಅದೇ ಮೊದಲು. ಅತ್ತೆ ಪಕ್ಕದಲ್ಲಿ ಬಂದು ಕುಳಿತರು.

"ಪುಸ್ತಕದಾಗ ಸಿಗ್ಲಿಲ್ಲಾಂದ್ರ ಸುಳ್ಳಾತೇನ್ರಿ? ಡಬ್ಬಿಗೆ ಬೆಲ್ಲ ಹಾಕಿ ಕಳಿಸ್ರಿ."

ಬೆಲ್ಲದ ಡಬ್ಬಿ ಎದುರುಮನೆಗೆ ಹೋಯಿತು. ಮೂಲೆಯಲ್ಲಿದ್ದ ಹೂವಿನ ಚೀಲವನ್ನು ನಾನೇ ಎತ್ತಿಕೊಂಡೆ.

ಸಮಾಧಿಯ ಹತ್ತಿರ ಗಾಳಿ ಇತ್ತು. ನಾನು ಬತ್ತಿ ಹಚ್ಚುತ್ತಿದ್ದರೆ ಅತ್ತೆ ಸೆರಗು ಅಡ್ಡ ಹಿಡಿದು ನಿಂತರು. ನನ್ನ ಚಟ ಮಗಳಿಗೂ ಅಂಟಿದೆಯೆಂಬುದು ಅಲ್ಲೇ ಗೊತ್ತಾಯಿತು.

"ಅಪ್ಪಾ, ಇದು ಬೈಬಲ್ನಾಗ ಎಲ್ಲೈತೆ?"

"ಅಜ್ಜಿ ಹತ್ರ ಬರಿಗೈಲಿ ಬರಬಾರದವ್ವ" ಎಂದೆ, ಥೇಟ್ ನಮ್ಮವ್ವನ ದನಿಯಲ್ಲಿ. "ವಾಕ್ಯ ಐತೆ."